ಕಟ್ಟೆಯ ರಾಜ ರಾಣೆಬೆನ್ನೂರಿನಲ್ಲಿ ಹಾರಿದ್ದು

ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ರಾಣೆಬೆನ್ನೂರಿನ ಕಲ್ಯಾಣ ಮಂಟಪ. ಹಲಗೆಯ ಈ ಬದಿ ನಾನು, ನಿವೃತ್ತ ಡ್ರಿಲ್ ಮಾಸ್ತರ. ಆ ಬದಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಸಾವುಕಾರರು, ದಿನಾ ಸಂಜೆ ಊರ ಕಟ್ಟೆಯ ಮೇಲೆ ನನ್ನೊಡನೆ ಆಡುವವರು. ಪಕ್ಕದಲ್ಲಿ ತೀರ್ಪುಗಾರರು. ಹಿರಿಯರ ಚೆಸ್ ಪಂದ್ಯಾವಳಿಯ ಕೊನೆಯ ಸುತ್ತು. ಹಾವೇರಿ ಜಿಲ್ಲಾ ತಂಡದಲ್ಲಿ ಒಂದೇ ಸ್ಥಾನ ಉಳಿದಿತ್ತು. ನಮ್ಮಿಬ್ಬರಲ್ಲಿ ಗೆದ್ದವರಿಗೆ ಅದು. ನನಗೆ ಬೇಕಾಗಿತ್ತು.

ಬಿಳಿ ಕಾಯಿಗಳು ನನ್ನವು. ನಡುವಿನ ಪ್ಯಾದೆಗಳನ್ನು ಬಿಟ್ಟು, ವಜೀರನ ಕಡೆಯ ಕುದುರೆಯ ಮುಂದಿನ ಪ್ಯಾದೆಯನ್ನು ಒಂದು ಮನೆ ಸರಿಸಿದೆ. ಅದರ ಹಿಂದೆ ಒಂಟೆಯನ್ನು ತಂದಿಟ್ಟರೆ ಇಡೀ ಹಲಗೆಯನ್ನು ಓರೆಯಾಗಿ ಕಾಯುತ್ತದೆ. ಕಟ್ಟೆಯ ಹಳೆಯ ಪದ್ಧತಿಯಲ್ಲಿ ಪ್ಯಾದೆ ಮೊದಲ ನಡೆಗೂ ಒಂದೇ ಮನೆ ಹೋಗುವುದು. ಹಾಗಾಗಿ ಬದಿಯಿಂದ ಆಟ ತೆರೆಯುವುದೇ ನನಗೆ ರೂಢಿ.

ಅದೇ ಪದ್ಧತಿಯಲ್ಲಿ ರಾಜ ಒಂದು ಸಲ ಕುದುರೆಯಂತೆ ಹಾರಬಹುದು. ಪಂದ್ಯಾವಳಿಯಲ್ಲಿ ಹಾರುವಂತಿಲ್ಲ; ಅಲ್ಲಿ ಕ್ಯಾಸ್ಲಿಂಗ್, ರಾಜ ಎರಡು ಮನೆ ಸರಿದು ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವುದು. ಹಿಂದಿನ ಸುತ್ತುಗಳಲ್ಲಿ ಸಾವುಕಾರರು ನೆನಪಿಟ್ಟೇ ಆಡಿದ್ದರು. ಈಗ ಎದುರಿಗೆ ನಾನು, ಅದೇ ಬದಿಯ ಪ್ಯಾದೆ; ಕಟ್ಟೆಯ ಮೇಲೇ ಕೂತಂತಾಗಿ ಮರೆತರು. ಅವರು ರಾಜನನ್ನು ಎತ್ತಿ ಹಾರಿಸಿ ಗಡಿಯಾರ ಒತ್ತಿಬಿಟ್ಟರು.

ತೀರ್ಪುಗಾರರನ್ನು ಕರೆಯಲು ನಾನು ಕೈ ಎತ್ತಿದೆ.

"ಮಾಸ್ತರ, ಏನ್ರಿ ಇದು! ಇಷ್ಟು ವರ್ಷ ಹಾರಿಸೇನಿ, ಒಂದ ದಿನಾ ತಕರಾರ ಮಾಡಿಲ್ಲ ನೀವು."

"ಆ ಕಟ್ಟಿ ಬ್ಯಾಡಗ್ಯಾಗ ಐತಿ, ಸಾವ್ಕಾರ್ರ. ಇದು ರಾಣೆಬೆನ್ನೂರ."

ಅವರ ತಪ್ಪು ನಡೆಗೆ ದಂಡವಾಗಿ ತೀರ್ಪುಗಾರರು ನನಗೆ ಎರಡು ನಿಮಿಷ ಹೆಚ್ಚು ಕೊಟ್ಟರು. ಮುಟ್ಟಿದ್ದು ರಾಜನನ್ನು, ರಾಜನನ್ನೇ ನಡೆಸಬೇಕು ಎಂದರು. ತೆರೆದಿದ್ದ ಮನೆ ಒಂದೇ, ನೇರ ಮುಂದೆ. ರಾಜ ಬಯಲಿಗೆ ಬಂದ.

ಅವನನ್ನು ಅಲ್ಲೇ ಹಿಡಿಯುವ ಆತುರದಲ್ಲಿ ಒಂದು ಕುದುರೆ ಬಲಿಕೊಟ್ಟೆ. ಫಲಿಸಲಿಲ್ಲ. ಎರಡೂ ಕಡೆಯ ವಜೀರರು ಹಲಗೆ ಬಿಟ್ಟ ಮೇಲೆ ಅವರ ರಾಜನಿಗೆ ಭಯವಿರಲಿಲ್ಲ. ನನ್ನ ರಾಜ ಮೂಲೆಯಿಂದ ಹೊರಡುವ ಮೊದಲೇ ಅವನು ನನ್ನ ಪ್ಯಾದೆಗಳನ್ನು ಒಂದೊಂದಾಗಿ ತಿಂದ. ಸೋಲೊಪ್ಪಿ ಸಹಿ ಮಾಡಿದೆ.

"ಆ ರಾಜನ್ನ ಹೊರಗ ಹೊಂಡಿಸಿದವರು ನೀವ ನೋಡ್ರಿ," ಎಂದು ಸಾವುಕಾರರು ಬಸ್ ನಿಲ್ದಾಣದವರೆಗೂ ನಕ್ಕರು.

ಬ್ಯಾಡಗಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ನನ್ನ ಹಲಗೆ ಬಿಚ್ಚಿದೆ.

"ಕುಂದ್ರಿ. ತಂಡದಾಗ ಹೋಗಿ ಮತ್ತ ಹಾರಿಸಿದ್ರ ಜಿಲ್ಲಾಕ್ಕ ಜಿಲ್ಲಾನ ನಗತೈತಿ. ಕ್ಯಾಸ್ಲಿಂಗ್ ಮಾಡ್ರಿ. ಮೊದಲ ರಾಜ ಎರಡು ಮನಿ, ಆಮ್ಯಾಲೆ ಆನಿ. ಒಂದ ಕೈಲೆ."

"ಸೋತವರು ಕಲಸೂದು, ಗೆದ್ದವರು ಕಲಿಯೂದು! ಇದ್ಯಾವ ಊರಿನ ಸಾಲೀರಿ?"

"ಮಾತು ಬ್ಯಾಡ. ಮಾಡ್ರಿ."

ಅವರ ಕೈ ತಾನಾಗಿ ಸರಿ ಹೋಗುವ ತನಕ ಮಾಡಿಸಿದೆ. ನಂತರ ಕಾಯಿಗಳನ್ನು ಚೀಲಕ್ಕೆ ಹಾಕಿ ದಾರ ಕಟ್ಟಿದೆ.