ರೋಬೋಟಿನ ಮೂತಿಗೆ ಲಿಂಬೆಹಣ್ಣು

ಗೆಳೆಯರೇ, ಇವತ್ತು ಬ್ರಹ್ಮಾವರದ ರೋಬೋಟ್ ಸ್ಪರ್ಧೆಯಲ್ಲಿ ನಾನು ನ್ಯಾಯದ ಪರ ನಿಂತು ಕಪ್ ಕಳೆದುಕೊಂಡೆ.

ನಮ್ಮ ರೋಬೋಟು ಚೆಂಡುಗಳನ್ನೆಲ್ಲ ಹೆಕ್ಕಿ ಮುಂದಿತ್ತು. ಆದರೆ ಕೊನೆಗೆ ತೂಗುಹಲಗೆ ಹತ್ತಿ, ಅದು ವಾಲದಂತೆ ನಿಂತವರಿಗೆ ಚೆಂಡಿಗಿಂತ ಹೆಚ್ಚು ಅಂಕ. ನಮ್ಮ ಎದುರಾಳಿ, ಕೋಡಿಯ ಸುಧಾಕರ ಚೆಂಡು ಮುಟ್ಟದೆ ಹಲಗೆಯೊಂದನ್ನೇ ನಂಬಿದ್ದ. ಬೆಳಗ್ಗಿನಿಂದ ಅವನ ರೋಬೋಟು ಹತ್ತಿದಾಗಲೆಲ್ಲ ಹಲಗೆ ಸ್ವಲ್ಪ ಮುಂದಕ್ಕೆ ವಾಲುತ್ತಿತ್ತು. ಆದರೂ ಹುಡುಗಿಯರೆಲ್ಲ ಅದರ ಜೊತೆಗೇ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಹೊಟ್ಟೆ ಉರಿಯಿತು.

ಅದರ ಮೂತಿಗೆ ಲಿಂಬೆಹಣ್ಣು, ಮೆಣಸಿನಕಾಯಿಯ ಸರ ಕಟ್ಟಿತ್ತು. ಫೈನಲ್ಲಿಗೆ ಮುಂಚೆ ತೀರ್ಪುಗಾರರ ಬಳಿ ಹೋಗಿ ಗಂಭೀರವಾಗಿ ಹೇಳಿದೆ: “ಸರ್, ಲಿಂಬೆಹಣ್ಣು ಯಂತ್ರದ ಭಾಗವಲ್ಲ.”

“ಅಮ್ಮ ಕಟ್ಟದ್ ಮಾರಾಯ, ದೃಷ್ಟಿ ತಾಗೂಕಾಗ ಅಂದೇಳಿ,” ಎಂದ ಸುಧಾಕರ. ತೀರ್ಪುಗಾರರು ಸರವನ್ನು ತೆಗೆಸಿಯೇಬಿಟ್ಟರು.

ಅವನ ರೋಬೋಟು ಹಲಗೆ ಹತ್ತಿತು. ಹಲಗೆ ಮನೆಯ ಜಗಲಿಯ ಹಾಗೆ ಸಮನಾಗಿ ನಿಂತಿತು.

ಸುಧಾಕರ ಓಡಿ ಬಂದು ನನ್ನನ್ನು ತಬ್ಬಿಕೊಂಡ: “ಹ್ವಾಯ್, ಮುಂದೆ ಭಾರ ಜಾಸ್ತಿ ಆಯಿತ್ತ್ ಕಾಣ್! ನಂಗ್ ಗೊತ್ತೇ ಆಯ್ಲ.”

ಒಟ್ಟಿನಲ್ಲಿ ನನ್ನ ದೃಷ್ಟಿ ತಾಗಿದವರಿಗೆ ಕಪ್ ಸಿಗುತ್ತದೆ. ಬೇಕಾದವರು ತಿಳಿಸಿ, ಮನೆಗೇ ಬಂದು ಹೊಟ್ಟೆಕಿಚ್ಚು ಪಡುತ್ತೇನೆ.