ಹಿಂದಿನ ಸೀಟಿನ ಬಿಲ್ಲೆ

ವಿದ್ಯಾರಣ್ಯಪುರದ ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಂತರೆ ಎಲ್ಲರೂ ಬಾಗಿಲಿನತ್ತ ನುಗ್ಗುತ್ತಾರೆ. ನಾಗಲಕ್ಷ್ಮಿ ಒಬ್ಬಳು ಹಿಂದಕ್ಕೆ ನಡೆಯುತ್ತಾಳೆ. ಒಂದೊಂದು ಸೀಟಿನ ಬೆನ್ನಿಗೂ ಕೈಯಿಟ್ಟು, ಬಗ್ಗಿ ಕೆಳಗೂ ಕಣ್ಣಾಡಿಸಿ, ಕಟ್ಟಕಡೆಯ ಉದ್ದನೆಯ ಸೀಟನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ ಮೇಲೇ ಇಳಿಯುವುದು. ಮೊದಮೊದಲು ಕಂಡಕ್ಟರುಗಳು, "ಏನ್ ಕಳ್ಕೊಂಡ್ರಿ ಮೇಡಂ?" ಎಂದು ಕೇಳುತ್ತಿದ್ದರು. "ಏನಿಲ್ಲ, ಸುಮ್ನೆ" ಎನ್ನುತ್ತಿದ್ದಳು. ಈಗ ಯಾರೂ ಕೇಳುವುದಿಲ್ಲ. ಪಾಪ, ತಲೆ ಸ್ವಲ್ಪ ಸರಿಯಿಲ್ಲ ಎಂದುಕೊಂಡು ಬಿಟ್ಟುಬಿಟ್ಟಿದ್ದಾರೆ.

ಅವಳ ತಲೆ ಸರಿಯಾಗಿಯೇ ಇದೆ. ಅದೇ ಅವಳ ಕಷ್ಟ.

ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಎಂದರೆ ಪ್ರೋಗ್ರಾಮ್ ಬರೆಯುವುದು ಎಂದು ಅವಳ ಬೀದಿಯವರ ನಂಬಿಕೆ. ನಾಗಲಕ್ಷ್ಮಿ ಒಂದು ಸಾಲು ಪ್ರೋಗ್ರಾಮನ್ನೂ ಬರೆದವಳಲ್ಲ. ಯಶವಂತಪುರದ ಟೈಪಿಂಗ್ ಅಂಗಡಿಯೊಂದರಲ್ಲಿ ಆರು ವರ್ಷ ಕೂತು ಬೇರೆಯವರ ಕರಡುಗಳನ್ನು ಬಡಿದವಳು. ಬರೆದವರಿಗೇ ಅರ್ಥವಾಗದ ಅರ್ಜಿ ಅವಳಿಗೆ ಅರ್ಥವಾಗುತ್ತಿತ್ತು. ಆ ಗುಣ ನೋಡಿ ಹೆಬ್ಬಾಳದ ಒಂದು ಸಣ್ಣ ಕಂಪನಿ ಕರೆದುಕೊಂಡಿತು. ಸಾಫ್ಟ್‌ವೇರ್ ಕಟ್ಟುವುದಕ್ಕೆ ಮುಂಚೆ ಗಿರಾಕಿಯ ಜಾಗಕ್ಕೆ ಹೋಗಿ, ಅಲ್ಲಿ ಕೆಲಸ ಹೇಗೆ ಸಾಗುತ್ತದೆ, ಯಾರಿಗೆ ಏನು ಬೇಕು ಎಂದು ಕೇಳಿ ಬರೆದು ತರುವುದು ಅವಳ ಕೆಲಸ. ಆ ಬರಹಕ್ಕೆ ಆಫೀಸಿನಲ್ಲಿ ರಿಕ್ವೈರ್ಮೆಂಟ್ ಎನ್ನುತ್ತಾರೆ. ಅದರಲ್ಲಿ ಇದ್ದದ್ದನ್ನು ಕಟ್ಟುತ್ತಾರೆ. ಅದರಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ.

ಈ ಕಸುಬಿನಲ್ಲಿ ಒಂದು ತಮಾಷೆಯಿದೆ. ನಿಮಗೇನು ಬೇಕು ಎಂದು ಯಾರನ್ನಾದರೂ ಕೇಳಿ ನೋಡಿ, ಪರದೆಯ ಬಣ್ಣ ಯಾವುದಿರಬೇಕು ಎನ್ನುವುದರಿಂದ ಹಿಡಿದು ಎಲ್ಲವನ್ನೂ ಹೇಳುತ್ತಾರೆ. ದಿನಾ ತಮ್ಮ ಕೈಕಾಲು ತಾವಾಗಿ ಮಾಡುವ ಕೆಲಸವನ್ನು ಮಾತ್ರ ಹೇಳುವುದಿಲ್ಲ. ಅದನ್ನು ಹೊರಗೆ ತೆಗೆಯುವುದರಲ್ಲಿ ನಾಗಲಕ್ಷ್ಮಿ ಗಟ್ಟಿಗಿತ್ತಿ ಎಂದು ಹೆಸರಾಗಿದ್ದಳು. ಅವಳಿಗೂ ಆ ಬಗ್ಗೆ ಕೊಂಚ ಜಂಬವಿತ್ತು.

ಎರಡು ವರ್ಷದ ಹಿಂದೆ ಹುಣಸಮಾರನಹಳ್ಳಿಯ ಶೇಖರಪ್ಪನವರ ಕೆಲಸ ಬಂತು. ಹೊಲದಲ್ಲಿ ಅಪ್ಪ ಹಾಕಿದ ಶೆಡ್ಡಿನಿಂದ ಸುತ್ತಮುತ್ತಲಿನ ಶಾಲೆಗಳಿಗೆ ನಲವತ್ತು ಹಳದಿ ಬಸ್ಸು ಓಡಿಸುವವರು ಅವರು. ಎಲ್ಲವೂ ಫೋನಿಗೆ ಬರಬೇಕು ಎನ್ನುವುದು ಅವರ ಆಸೆ. ನಾಗಲಕ್ಷ್ಮಿ ಒಂಬತ್ತು ದಿನ ಅಲ್ಲಿ ಕೂತಳು.

ಶೆಡ್ಡಿನ ಗೇಟಿನಲ್ಲಿ ದೊಡ್ಡಮುನಿಯಪ್ಪ ಎಂಬ ಮುದುಕರಿದ್ದರು. ಅವರ ಬೆನ್ನ ಹಿಂದೆ ಒಂದು ಹಲಗೆ, ಹಲಗೆಯಲ್ಲಿ ನಲವತ್ತು ಮೊಳೆ. ಟ್ರಿಪ್ ಮುಗಿಸಿ ಬಂದ ಡ್ರೈವರ್ ಬಸ್ಸಿನ ನಂಬರಿರುವ ಒಂದು ಹಿತ್ತಾಳೆ ಬಿಲ್ಲೆಯನ್ನು ತಂದು ಮೊಳೆಗೆ ಹಾಕಬೇಕು. ಆಗ ಟಣ್ ಎಂದು ಸದ್ದಾಗುತ್ತಿತ್ತು. ಆ ಸದ್ದು ಕೇಳದೆ ಮುದುಕರು ಬಸ್ಸಿನ ಕೀಲಿ ತೆಗೆದುಕೊಳ್ಳುತ್ತಿರಲಿಲ್ಲ, ಡ್ರೈವರ್ ಮನೆಗೆ ಹೋಗುವ ಹಾಗೂ ಇರಲಿಲ್ಲ. ಬಿಲ್ಲೆ ಮರೆತು ಬಂದವರು ಬೈದುಕೊಂಡು ವಾಪಸು ಹೋಗುತ್ತಿದ್ದರು.

"ತಾತ, ಕೀಲಿ ಕೊಡ್ತಾರಲ್ಲ, ಮತ್ತೆ ಈ ಬಿಲ್ಲೆ ಯಾಕೆ?" ಎಂದು ಕೇಳಿದಳು.

"ಅದು ಇರ್ಬೇಕು ಕಣಮ್ಮ. ಮೊದ್ಲಿಂದ ಅಂಗೇ ಐತೆ."

"ಯಾರ್ ಮಾಡಿದ್ದು?"

ಮುದುಕರು ಸುತ್ತ ನೋಡಿದರು. ಪಕ್ಕದಲ್ಲಿ ನಾಲ್ಕೈದು ಡ್ರೈವರುಗಳು ಟೀ ಕುಡಿಯುತ್ತ ನಿಂತಿದ್ದರು. ಮುದುಕರು ದನಿ ತಗ್ಗಿಸಿ, "ಒಂದ್ಸಲ ಬಸ್ ಒಳೀಕ್ ಬಂದು ನೋಡಮ್ಮ, ಆಮ್ಯಾಕ್ ಬರ್ಕೊ" ಎಂದರು.

ನಾಲ್ಕು ಗಂಟೆಗೆ ಆಫೀಸಿನಲ್ಲಿ ಮೀಟಿಂಗಿತ್ತು. ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ ನೆನೆದು ಅವಳಿಗೆ ಕಾಲು ನಿಲ್ಲಲಿಲ್ಲ. "ನಾಳೆ ನೋಡ್ತೀನಿ ತಾತ" ಎಂದು ಹೇಳಿ, ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಳು: ಬಿಲ್ಲೆ – ಬಸ್ ಒಳಗೆ ನೋಡಬೇಕು – ನಾಳೆ. ಮಾರನೆಯ ದಿನ ಶೇಖರಪ್ಪನವರು ಅವಸರ ಮಾಡಿದರು, ಗೋಕುಲ್ ಅವಸರ ಮಾಡಿದ. ಗೋಕುಲ್ ಎಂದರೆ ಅವಳ ಮೇಲಿನವನು, ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು. ರಿಕ್ವೈರ್ಮೆಂಟ್ ಹಾಳೆಗಳ ಮೇಲೆ ಶೇಖರಪ್ಪನವರ ಸಹಿ ಬಿತ್ತು. ಮೂವತ್ತೊಂದನೆಯ ಸಾಲು ಅವಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ: "ಹಿತ್ತಾಳೆ ಬಿಲ್ಲೆ. ಕಾರಣ: ರೂಢಿ. ಹೊಸ ವ್ಯವಸ್ಥೆಯಲ್ಲಿ ಅಗತ್ಯವಿಲ್ಲ. ಡ್ರೈವರ್ ಕೂತಲ್ಲಿಂದಲೇ ಫೋನಿನಲ್ಲಿ ಟ್ರಿಪ್ ಮುಗಿಸಬಹುದು. ಉಳಿತಾಯ: ಪ್ರತಿ ಟ್ರಿಪ್ಪಿಗೆ ನಾಲ್ಕು ನಿಮಿಷ."

ಆ ನಾಲ್ಕು ನಿಮಿಷವನ್ನು ತೋರಿಸಿದಾಗ ಮೀಟಿಂಗಿನಲ್ಲಿ ಎಲ್ಲರೂ ತಲೆದೂಗಿದ್ದರು. ಡ್ರೈವರುಗಳು ಶೆಡ್ಡಿನಲ್ಲಿ ಅವಳಿಗೆ ಕೈಮುಗಿದರು. ಮುದುಕರ ಹಲಗೆಯನ್ನು ಬಿಚ್ಚಿ ಗೋಡೆಗೆ ಒರಗಿಸಿದರು.

ಈ ವರ್ಷ ಏಪ್ರಿಲ್‌ನಲ್ಲಿ ಒಂದು ಸೋಮವಾರ, ಹದಿನೇಳನೆಯ ನಂಬರಿನ ಬಸ್ಸು ಮಕ್ಕಳನ್ನು ಶಾಲೆಯಲ್ಲಿ ಇಳಿಸಿ ಶೆಡ್ಡಿಗೆ ಬಂತು. ಡ್ರೈವರ್ ಆಂಜಿನಪ್ಪ ಕೂತಲ್ಲೇ ಫೋನ್ ಒತ್ತಿ, ಬಾಗಿಲು ಹಾಕಿ, ತಿಂಡಿಗೆ ಹೋದ. ಬಸ್ಸಿನ ಆಯಾ ಅಂದು ರಜೆ. ಬೇಸಿಗೆ ಶಿಬಿರಕ್ಕೆ ಬರುತ್ತಿದ್ದ ಜೋಯಾ ಎಂಬ ನಾಲ್ಕು ವರ್ಷದ ಹುಡುಗಿ, ಹಿಂದೆ ಬರುವ ಗಾಡಿಗಳನ್ನು ನೋಡುವ ಆಸೆಗೆ ಯಾವಾಗಲೂ ಕೊನೆಯ ಸೀಟು ಹಿಡಿಯುತ್ತಿದ್ದವಳು, ಅಲ್ಲೇ ನಿದ್ದೆಹೋಗಿದ್ದಳು. ಶಾಲೆಯವರು ಮಗು ಬಂದಿಲ್ಲ ಎಂದು ಬರೆದುಕೊಂಡರು. ಒಂಬತ್ತರಿಂದ ಎರಡೂವರೆಯವರೆಗೆ ಬಸ್ಸು ಬಿಸಿಲಿನಲ್ಲಿ ನಿಂತಿತ್ತು. ಜೋಯಾ ಬದುಕಲಿಲ್ಲ.

ಸುದ್ದಿಯನ್ನು ನಾಗಲಕ್ಷ್ಮಿ ಮಾರನೆಯ ದಿನ ಆಫೀಸಿನಲ್ಲಿ, ಊಟದ ಡಬ್ಬಿ ಬಿಚ್ಚುವಾಗ ಕೇಳಿದಳು. ಬಸ್ಸಿನ ನಂಬರ್ ಕೇಳಿದಳು, ಶೆಡ್ಡು ಯಾವುದೆಂದು ಕೇಳಿದಳು. ಆಮೇಲೆ ಕಿವಿಯೊಳಗೆ ಟಣ್ ಎಂದಿತು. ಅವತ್ತಿನಿಂದ ಆ ಸದ್ದು ಅವಳನ್ನು ಬಿಟ್ಟಿಲ್ಲ. ಹಾಡುಹಗಲಲ್ಲಿ, ಸ್ಟೀಲ್ ಲೋಟ ತೊಳೆಯುವಾಗ, ಪಕ್ಕದ ಮನೆಯ ಗೇಟಿನ ಚಿಲಕ ಬಿದ್ದಾಗ ಬರುತ್ತದೆ. ಬಂದ ಕೂಡಲೇ ಅವಳು ತಿರುಗಿ ಹಿಂದೆ ನೋಡುತ್ತಾಳೆ. ಆಟೋದಿಂದ ಇಳಿದವಳು ಮತ್ತೆ ಅದರೊಳಗೆ ತಲೆ ಹಾಕುತ್ತಾಳೆ. "ಏನೇ ಅದು, ಮನೇಲಿ ಇರೋರೇ ನಾವಿಬ್ರು, ಯಾರ್ನ ಹುಡುಕ್ತೀಯ?" ಎಂದು ಗಂಡ ನಾಗೇಶ್ ಒಮ್ಮೆ ರೇಗಿದ. ಅವಳಿಗೆ ಭಯವಾಯಿತು. ಯಾರನ್ನು ಹುಡುಕುತ್ತಿದ್ದಾಳೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಂಜಿನಪ್ಪನನ್ನು ಪೊಲೀಸರು ಹಿಡಿದು ಒಳಗೆ ಹಾಕಿದರು. ಹದಿನೆಂಟು ವರ್ಷ ಒಂದು ತಪ್ಪೂ ಮಾಡದವನು ಏಕಾಏಕಿ ಹೀಗೇಕೆ ಮಾಡಿದ ಎಂದು ಯಾರೂ ಕೇಳಲಿಲ್ಲ. ಸಾಫ್ಟ್‌ವೇರ್ ಮಾಡಿದವರ ಹೇಳಿಕೆಯೂ ಬೇಕೆಂದು ಠಾಣೆಯಿಂದ ಕರೆ ಬಂದಾಗ ಗೋಕುಲ್ ಎರಡು ಸಾಲು ಟೈಪ್ ಮಾಡಿಸಿ ಅವಳ ಕೈಗೆ ಕೊಟ್ಟ.

"ಗಿರಾಕಿ ಸಹಿ ಹಾಕಿದ ರಿಕ್ವೈರ್ಮೆಂಟ್ ಪ್ರಕಾರವೇ ಸಿಸ್ಟಮ್ ಕೆಲಸ ಮಾಡಿದೆ. ಇಷ್ಟೇ ಹೇಳಿ ಮೇಡಂ, ಸುಳ್ಳೇನಲ್ವಲ್ಲ? ನಿಮ್ ನೋಟ್‌ಬುಕ್ ಎಲ್ಲ ತಗೊಂಡ್ ಹೋಗ್ಬೇಡಿ."

ಸುಳ್ಳಲ್ಲ. ಅದನ್ನೇ ಹೇಳಿದರೆ ಕೆಲಸ ಉಳಿಯುತ್ತದೆ, ಆಂಜಿನಪ್ಪ ಜೈಲಿನಲ್ಲಿ ಕೊಳೆಯುತ್ತಾನೆ. ನೋಟ್‌ಬುಕ್ ತೋರಿಸಿದರೆ ಕೆಲಸ ಹೋಗುತ್ತದೆ, ಬಹುಶಃ ಅವಳ ಮೇಲೂ ಕೇಸಾಗುತ್ತದೆ. ನಾಳೆ ಠಾಣೆಗೆ ಹೋಗಬೇಕು ಎನ್ನುವಾಗ ಅವಳು ಹುಣಸಮಾರನಹಳ್ಳಿಗೆ ಹೋಗಿ ದೊಡ್ಡಮುನಿಯಪ್ಪನವರ ಬಾಗಿಲು ತಟ್ಟಿದಳು. ಅವರ ಹೆಂಡತಿ ಗೌರಮ್ಮ ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟರು. ಮುದುಕರು ಅವಳ ಮುಖ ನೋಡಲಿಲ್ಲ.

"ತಾತ, ಆ ಬಿಲ್ಲೆ ಬಸ್ಸಲ್ಲಿ ಎಲ್ಲಿ ಇರ್ತಿತ್ತು?"

"ಕಡೇ ಸೀಟಿನ್ ಇಂದೆ. ಅಲ್ಲೊಂದು ಕೊಂಡಿ ಐತೆ. ಬೆಳಿಗ್ಗೆ ಅಲ್ಲಿಗ್ ಓಗಿ ತಗಲಾಕ್ಬೇಕು, ಬಂದ್ಮೇಲೆ ಅಲ್ಲಿಗೇ ಓಗಿ ತರ್ಬೇಕು. ತರಾಕ್ ಓದ್ರೆ ಬಸ್ಸೆಲ್ಲ ನೋಡ್ದಂಗಾಯ್ತಲ್ಲಮ್ಮ."

"ಅವತ್ತೇ ಹೇಳ್ಬಾರ್ದಿತ್ತಾ ತಾತ?"

ಮುದುಕರು ನೆಲ ನೋಡುತ್ತ ಹೇಳಿದರು. ಇಪ್ಪತ್ಮೂರು ವರ್ಷದ ಹಿಂದೆ ಅವರೇ ಶಾಲಾ ಮಕ್ಕಳ ಮೆಟಡಾರ್ ವ್ಯಾನ್ ಓಡಿಸುತ್ತಿದ್ದಾಗ ಒಂದು ಮಗುವನ್ನು ಒಳಗೆ ಬಿಟ್ಟು ಬೀಗ ಹಾಕಿದ್ದರು. ಜನವರಿಯ ಚಳಿ, ಎರಡು ಗಂಟೆ ಕಳೆದ ಮೇಲೆ ನೆನಪಾಗಿ ಓಡಿದರೆ ಮಗು ಅತ್ತು ಸುಸ್ತಾಗಿ ಕೂತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಮಾರನೆಯ ದಿನ ಅವರೇ ಬಿಲ್ಲೆ ಮಾಡಿಸಿ, ಗಾಡಿ ಲೆಕ್ಕಕ್ಕೆ ಒಳ್ಳೇದು ಎಂದು ಶೇಖರಪ್ಪನವರ ತಂದೆಗೆ ಹೇಳಿ ಒಪ್ಪಿಸಿದ್ದರು. ಗೌರಮ್ಮನಿಗೂ ಈ ಮಾತು ಹೊಸದು. ಕೈಯಲ್ಲಿದ್ದ ಚೆಂಬನ್ನು ಹಾಗೆಯೇ ಹಿಡಿದು ನಿಂತುಬಿಟ್ಟರು.

"ನಾಚ್ಕೆ ಕಣಮ್ಮ. ಆ ಡ್ರೈವರ್‌ಗಳ ಮುಂದೆ ಎಂಗ್ ಏಳ್ಲಿ? ಬಸ್ ಒಳೀಕ್ ಬಂದಿದ್ರೆ ನಿನ್ ಒಬ್ಳಿಗೆ ಏಳ್ತಿದ್ದೆ. ಏಳ್ಬೇಕು ಅಂತ್ಲೇ ಇದ್ದೆ. ನಾನ್ ಬಾಯ್ ಮುಚ್ಕೊಂಡಿದ್ದಕ್ಕೇ ಆ ಕೂಸು ಓಯ್ತು."

ಅವಳು ಅವರನ್ನು ಸಮಾಧಾನ ಮಾಡಲಿಲ್ಲ. ಹೇಳಿಕೊಳ್ಳಲಾಗದ ನಾಚಿಕೆಯೊಂದು ಕಾರಣವನ್ನು ನುಂಗಿತ್ತು. ಕಾರಣವಿಲ್ಲದ ಬಿಲ್ಲೆ ಅವಳ ಹಾಳೆಯಲ್ಲಿ ಬರೀ ರೂಢಿಯಾಗಿತ್ತು. ಈಗ ಅವಳ ಚೀಲದಲ್ಲಿಯೂ ಅಂಥದೇ ಒಂದು ನಾಚಿಕೆ ಇತ್ತು, ನೋಟ್‌ಬುಕ್ಕಿನ ಒಂದು ಸಾಲಿನಷ್ಟು. ಅದನ್ನು ಮುಚ್ಚಿಟ್ಟರೆ ಮುಂದೆ ಇನ್ನಾರೋ ಬಂದು ಇನ್ನಾವುದೋ ಬಿಲ್ಲೆಯನ್ನು ತೆಗೆಯುತ್ತಾರೆ.

ಮರುದಿನ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಎದುರು ಕೂತು ಗೋಕುಲ್ ಕೊಟ್ಟ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟಳು. ನೋಟ್‌ಬುಕ್ ಬಿಚ್ಚಿದಳು. ಒಂಬತ್ತು ದಿನದ್ದನ್ನೂ ಹೇಳಿದಳು, "ನಾಳೆ" ಎಂದು ಬರೆದ ಸಾಲನ್ನು ತೋರಿಸಿದಳು, ಮೂವತ್ತೊಂದನೆಯ ಸಾಲು ತಾನೇ ಬರೆದದ್ದು ಎಂದಳು. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಪೇದೆಯ ಪೆನ್ನು ಅರ್ಧದಲ್ಲಿ ನಿಂತಿತು.

"ಒಂದ್ ಹಿತ್ತಾಳೆ ಬಿಲ್ಲೆಗೆ ಇಷ್ಟೆಲ್ಲ ಹೇಳ್ತಿದ್ದೀರಲ್ಲ ಮೇಡಂ?" ಎಂದರು ಇನ್‌ಸ್ಪೆಕ್ಟರ್. "ಡ್ರೈವರ್ ಹಿಂದೆ ತಿರುಗಿ ನೋಡ್ಬೇಕಿತ್ತು, ನೋಡಿಲ್ಲ. ಅಷ್ಟೇ ತಾನೆ ಕೇಸು?"

"ಒಂದ್ಸಲ ಬಸ್ ಒಳಗೆ ಬಂದು ನೋಡಿ ಸಾರ್. ಆಮೇಲೆ ಬರ್ಕೊಳ್ಳಿ."

ಜಪ್ತಿ ಮಾಡಿದ ಬಸ್ಸು ಠಾಣೆಯ ಹಿಂದಿನ ಬಯಲಲ್ಲೇ ನಿಂತಿತ್ತು. ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡರು. "ನಂಗೆ ಮೀಟಿಂಗ್ ಇದೆ. ನಾಳೆ ನೋಡೋಣ, ಈಗ ಸೈನ್ ಹಾಕಿ ಹೋಗಿ."

"ನಾಳೆ ಬೇಡ ಸಾರ್," ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಅವತ್ತು ನಾನೂ ನಾಳೆ ಅಂತಾನೇ ಹೇಳಿದ್ದು."

ಇನ್‌ಸ್ಪೆಕ್ಟರ್ ಅವಳನ್ನೊಮ್ಮೆ ನೋಡಿ, ಪೇದೆಗೆ ಕೀಲಿ ತರಲು ಹೇಳಿದರು.

ಹದಿನೇಳನೆಯ ನಂಬರಿನ ಬಸ್ಸನ್ನು ನಾಗಲಕ್ಷ್ಮಿ ಹತ್ತಿದ್ದು ಅದೇ ಮೊದಲು. ಒಳಗೆ ಕಾದ ರೆಕ್ಸಿನ್ನಿನ ವಾಸನೆ. ಒಂದೊಂದೇ ಸೀಟು ಹಿಡಿದು ನಡೆದಳು. ಹನ್ನೊಂದು ಸಾಲು. ಕೊನೆಯ ಸೀಟಿನ ಹಿಂದೆ, ಗಾಜಿನ ಕೆಳಗೆ, ಮೂಲೆಯಲ್ಲಿ ಒಂದು ಖಾಲಿ ಕೊಂಡಿ. ಅವಳು ಬೆರಳು ತೋರಿಸಿದಳು, ಮುಟ್ಟಲು ಧೈರ್ಯ ಬರಲಿಲ್ಲ.

ಇನ್‌ಸ್ಪೆಕ್ಟರ್ ಕೈ ಚಾಚಿದರು. ಎಟುಕಲಿಲ್ಲ. ಒಂದು ಮಂಡಿಯನ್ನು ಸೀಟಿನ ಮೇಲೆ ಊರಿ, ಪೂರ್ತಿ ಬಗ್ಗಿ ಕೊಂಡಿಯನ್ನು ಹಿಡಿದರು. ಹಾಗೆ ಬಗ್ಗಿದಾಗ ಅವರ ಮುಖ ಸೀಟಿಗೆ ಒಂದು ಗೇಣು ದೂರದಲ್ಲಿತ್ತು. ಅವರು ತಕ್ಷಣ ಏಳಲಿಲ್ಲ.

"ಇಲ್ಲಿಗ್ ಬಂದೋರಿಗೆ ಮಗು ಕಾಣ್ದೇ ಇರೋಕೆ ಸಾಧ್ಯಾನೇ ಇಲ್ಲ," ಎಂದರು ಮೆಲ್ಲಗೆ.

"ಹೌದು ಸಾರ್," ಎಂದಳು ನಾಗಲಕ್ಷ್ಮಿ. "ಬರ್ಕೊಳ್ಳಿ. ಇದನ್ನ ತೆಗೆಸಿದ್ದು ನಾನು."