ಒಂದು ಮಾತು ಕೇಳಲು ಬಂದವರು

‘ಈ ವಕೀಲ ಸಾಹೇಬ್ರು ಎಲ್ಲಿ ಕುಂದರ್ತಾರ್ರಿ?’ ಎನ್ನುತ್ತ ಆ ಹೆಂಗಸು ಮೊಬೈಲನ್ನು ನನ್ನ ಮುಖಕ್ಕೇ ಹಿಡಿದರು. ಅದರಲ್ಲಿದ್ದದ್ದು ಶಹಾಪುರದ ನಮ್ಮ ಅಡಮಾನ ಸಾಲದ ಕಚೇರಿಯ ಜಾಹೀರಾತು ವಿಡಿಯೊ. ಜನರಿಗೆ ನಂಬಿಕೆ ಬರಲೆಂದು ತಜ್ಞರ ಸಂದರ್ಶನ ಮಾಡಿ ಹಾಕುವುದು ನನ್ನ ಕೆಲಸ. ಈ ವಿಡಿಯೊದ ಕೊನೆಗೆ ಸುರಪುರದ ವಕೀಲರೊಬ್ಬರು, ‘ಮನಿ ಅಡ ಇಡೂ ಮುಂದ ನನ್ನಂಥವ್ರಿಗಿ ಒಂದ್ ಮಾತ್ ಕೇಳ್ರಿ’ ಎಂದಿದ್ದರು. ಕೇಳಲೆಂದೇ ಈಕೆ ಕೆಂಭಾವಿಯಿಂದ ಬಸ್ಸು ಹಿಡಿದು ಬಂದಿದ್ದರು. ಅಂಗಡಿ ಹಾಕಲು ಇವರ ಮನೆಯ ಮೇಲೆ ಸಾಲ ಬೇಕೆಂದು ಅಳಿಯ ಹಠ ಹಿಡಿದಿದ್ದನಂತೆ.

ಅವರು ಇಲ್ಲಿ ಕೂರುವುದಿಲ್ಲ, ವಿಡಿಯೊಗಷ್ಟೇ ಮಾತಾಡಿದ್ದು ಎಂದೆ. ವಕೀಲರಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ.

‘ಮತ್ತ ಕೇಳ್ರಿ ಅಂತ ಯಾಕಂದ್ರು? ಹೋಗ್ಲಿ, ನೀವ ಹೇಳ್ರಿ. ಇಡ್ಲೋ, ಬ್ಯಾಡೋ?’

ಗಾಜಿನ ಆಚೆಯಿಂದ ಮ್ಯಾನೇಜರ್ ನೋಡುತ್ತಿದ್ದರು. ನಾನು ಕುರ್ಚಿ ಎಳೆದು ಕೊಟ್ಟೆ, ಚಹಾ ತರಿಸಿದೆ. ಚಹಾ ಮುಗಿಯುವವರೆಗೂ ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಆಮೇಲೆ ಎದ್ದು ಹೋದರು.

ಮ್ಯಾನೇಜರ್ ಕರೆದು ಹೇಳಿದರು: ವಿಡಿಯೊ ಚೆನ್ನಾಗಿ ಓಡಿತಂತೆ, ಇನ್ನಷ್ಟು ತಜ್ಞರನ್ನು ಹುಡುಕಬೇಕಂತೆ. ಹುಡುಕುತ್ತಿದ್ದೇನೆ. ಕ್ಯಾಮೆರಾ ಮುಂದೆ ಯಾರಾದರೂ ‘ಕೇಳ್ರಿ’ ಎಂದರೆ ಸಾಕು, ನನ್ನ ಕಣ್ಣು ಬಾಗಿಲಿಗೆ ಹೋಗುತ್ತದೆ.